ಅಜ್ಜಿ ಕಾರ್ಡಿಗೆ ಮೊದಲ ಮಣೆ

ದಸರೆ ಕಳೆದು ಎರಡು ವಾರವಾಗುವಷ್ಟರಲ್ಲಿ ಶರಣಮ್ಮನ ಕೈ ನಿಧಾನವಾಗಿದೆ ಎಂಬ ಮಾತಿಗೆ ಕಾಲು ಬಂದಿತ್ತು. ಚಹಾದ ಗಾಡಿಯ ಹತ್ತಿರ ಹುಟ್ಟಿ, ಸೋಲ್ಡರಿಂಗ್ ಸಾಲನ್ನು ಹಾದು, ಪ್ಯಾಕಿಂಗ್ ಮೇಜಿನ ಬಳಿ ಸ್ವಲ್ಪ ಸುಧಾರಿಸಿಕೊಂಡು, ಕೊನೆಗೆ ಅದು ಟೆಸ್ಟ್ ಇಂಜಿನಿಯರ್ ಭವ್ಯಶ್ರೀಯ ಕಂಪ್ಯೂಟರಿನೊಳಗೆ ಬಂದು ಒಂದು ಅಂಕಿಯಾಗಿ ಕುಳಿತಿತ್ತು: ಮೂವತ್ನಾಲ್ಕು.

ಪುಣೆಯ ಖರಾಡಿಯ ಗಾಜಿನ ಗೋಪುರಗಳ ಬೆನ್ನಿಗೆ ಅಂಟಿಕೊಂಡ ಆ ತಗಡಿನ ಶೆಡ್ಡಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಕೂರುವ, ಅಂಗೈಯಗಲದ ಸರ್ಕೀಟ್ ಬೋರ್ಡುಗಳು ತಯಾರಾಗುತ್ತಿದ್ದವು. ಸಾಲಿನ ತುದಿಗೆ ಪರೀಕ್ಷೆಯ ಯಂತ್ರ. ಅದರ ಮುಂದಿನ ಸ್ಟೂಲಿನ ಮೇಲೆ ಎರಡು ವರ್ಷದಿಂದ ಶರಣಮ್ಮ, ಅಡಿಯಲ್ಲಿ ಅವಳೇ ಹೊಲಿದ ಕೌದಿಯ ತುಂಡು. ಬೋರ್ಡನ್ನು ಅಚ್ಚಿನಲ್ಲಿ ಕೂರಿಸಬೇಕು, ಮುಚ್ಚಳ ಒತ್ತಬೇಕು, ಹಸಿರು ದೀಪ ಹತ್ತಿದ ಕೂಡಲೇ ಅದನ್ನು ತೆಗೆದು ಮುಂದಿನದನ್ನು ಇಡಬೇಕು. ಹಬ್ಬಕ್ಕೆ ಮುಂಚೆ ದಿನಕ್ಕೆ ಆರುನೂರ ಮೂವತ್ತು ಬೋರ್ಡು ದಾಟುತ್ತಿದ್ದವು. ಈಗ ಐನೂರು ಮುಟ್ಟುವುದೂ ಕಷ್ಟವಾಗಿತ್ತು.

ಕಾರಣ ಹುಡುಕಲು ಯಾರೂ ದೂರ ಹೋಗಬೇಕಾಗಿರಲಿಲ್ಲ. ನವರಾತ್ರಿಗೆ ಯಾದಗಿರಿ ಕಡೆಯ ಊರಿಗೆ ಹೋದ ಶರಣಮ್ಮ ಅಲ್ಲಿ ಚಿಕೂನ್‌ಗುನ್ಯ ಹಿಡಿಸಿಕೊಂಡು, ಜ್ವರ ಬಿಟ್ಟದ್ದೇ ಬಸ್ಸು ಹತ್ತಿ, ದಸರೆಯ ಮರುದಿನ ಸರಿಯಾಗಿ ಕೆಲಸಕ್ಕೆ ಹಾಜರಾಗಿದ್ದಳು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ ಎಂದು ಚಹಾ ಕುಡಿಯುತ್ತ ತಾನೇ ಹೇಳಿಕೊಂಡಿದ್ದಳು. ಸುಖದುಃಖಕ್ಕೆ ಆಡಿದ ಮಾತು ಸಾಕ್ಷಿಯಾಗಿ ಬದಲಾಗಲು ಎರಡು ದಿನ ಹಿಡಿಯಲಿಲ್ಲ.

ಬುಧವಾರ ಅಭಿಲಾಷ ಭವ್ಯಶ್ರೀಯನ್ನು ತನ್ನ ಗಾಜಿನ ಕೋಣೆಗೆ ಕರೆದ. ಬೆಂಗಳೂರಿನವನು, ಟೆಸ್ಟ್ ವಿಭಾಗದ ಮುಖ್ಯಸ್ಥ. ಮೂರು ವರ್ಷದಿಂದ ಪುಣೆಯಲ್ಲಿದ್ದರೂ ಇಲ್ಲಿಯ ಖಾರದ ಮಿಸಳಿಗೆ ಇನ್ನೂ ಮೂಗು ಮುರಿಯುತ್ತಿದ್ದ.

"ಕೂತ್ಕೊಳ್ಳಿ ಭವ್ಯಶ್ರೀ. ಈ ಶೀಟು ನಿಮ್ದೇ ಅಲ್ವಾ?"

"ಹೌದು ಸರ್."

"ಮಷೀನ್ ಟೈಮ್ ಹಬ್ಬಕ್ಕೆ ಮುಂಚೇನೂ ಹದಿನೆಂಟು ಸೆಕೆಂಡು, ಈಗ್ಲೂ ಹದಿನೆಂಟು. ಕೈ ಟೈಮ್ ಮಾತ್ರ ಇಪ್ಪತ್ತೆರಡಿದ್ದದ್ದು ಮೂವತ್ನಾಲ್ಕು. ಇನ್ನೇನು ನೋಡ್ಬೇಕು? ಆಯಮ್ಮಂಗೆ ಜ್ವರ ಬಂದಿತ್ತಂತೆ, ಪಾಪ. ಆದ್ರೆ ಕಸ್ಟಮರ್‌ಗೆ 'ಪಾಪ' ಅಂತ ಬರೆದು ಕಳಿಸೋಕಾಗುತ್ತಾ?" ಅವನು ಹಾಳೆಯನ್ನು ಮಡಚಿಟ್ಟ. "ಶನಿವಾರದ ತನಕ ನೋಡ್ತೀನಿ. ಆರುನೂರು ದಾಟ್ಲಿಲ್ಲ ಅಂದ್ರೆ ಬೇರೆಯವರನ್ನ ಕಳ್ಸು ಅಂತ ಕಾಂಟ್ರಾಕ್ಟರ್‌ಗೆ ಹೇಳ್ತೀನಿ. ಹಾಂ, ನೀವು ಕಾಯಂ ಆಗೋ ಫೈಲು ಮೂವತ್ತನೇ ತಾರೀಖು ಮೇಲೆ ಹೋಗತ್ತೆ. ಈ ಶೀಟೂ ಸೇರಿಸಿದ್ದೀನಿ. ಒಳ್ಳೆ ಕೆಲ್ಸ."

ಒಳ್ಳೆ ಕೆಲಸ ಎನ್ನಿಸಿಕೊಂಡದ್ದಕ್ಕೆ ಭವ್ಯಶ್ರೀಗೆ ಖುಷಿಯೇ ಆಯಿತು, ಸುಳ್ಳೇಕೆ. ಕಾತ್ರಜದ ಬಸ್‌ಸ್ಟ್ಯಾಂಡಿನ ಪಕ್ಕ ಕುಂದಾಪುರದವರ ಹೋಟೆಲೊಂದಿದೆಯಲ್ಲ, ಅದರ ಯಜಮಾನ ಕುಶಲನ ಮಗಳು ಅವಳು. ಹುಟ್ಟಿದ್ದು ಪುಣೆಯಲ್ಲೇ, ಬೆಳೆದದ್ದು ಉಮಾವತಿ ಅಜ್ಜಿಯ ತೊಡೆಯ ಮೇಲೆ, ಅಜ್ಜಿಯ ಕತೆಗಳಲ್ಲಿ. ಕೆಲಸಕ್ಕೆ ಸೇರಿ ಐದು ತಿಂಗಳು ಕಳೆದಿತ್ತು. ಆ ಶೀಟು ಅವಳ ಮೊದಲ ಸ್ವಂತ ಕೂಸು. ಒಂದು ಬೋರ್ಡಿನಿಂದ ಇನ್ನೊಂದು ಬೋರ್ಡಿಗೆ ಹಿಡಿಯುವ ಒಟ್ಟು ಹೊತ್ತು ತೆಗೆದುಕೊಂಡು, ಅದರಲ್ಲಿ ಯಂತ್ರ ಅಳೆಯುವ ಹದಿನೆಂಟು ಸೆಕೆಂಡು ಕಳೆದು, ಉಳಿದದ್ದನ್ನು 'ಕೈಯ ಹೊತ್ತು' ಎಂದು ಬರೆದಿದ್ದಳು. ಯಂತ್ರದ್ದಲ್ಲದ್ದು ಕೈಯದು. ಬೇರೆ ಯಾರದಿರಲು ಸಾಧ್ಯ?

ಗುರುವಾರ ಚಹಾದ ಹೊತ್ತಿಗೆ ಶರಣಮ್ಮ ತಾನಾಗಿಯೇ ಹತ್ತಿರ ಬಂದಳು. ಮೂವತ್ತೆಂಟು ದಾಟದ ಹೆಂಗಸು. ಕಟ್ಟಡದ ಕೆಲಸದಿಂದ ಇಲ್ಲಿಗೆ ಬಂದವಳಾದ್ದರಿಂದ ಈ ಸ್ಟೂಲನ್ನು ಸಿಂಹಾಸನದಂತೆ ಕಾಯ್ದುಕೊಂಡಿದ್ದಳು.

"ಅಕ್ಕೋರೆ, ಒಂದ್ ಮಾತ್ ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ."

"ಹೇಳಿ ಶರಣಮ್ಮ."

"ನಿಮ್ಮ ಹಸರ ದೀಪ ಭಾಳ ತಡಾ ಮಾಡಿ ಹತ್ತಲಿಕ್ಕತ್ತದ್ರಿ."

"ಹಾಗೆ ಹೇಗೆ ಗೊತ್ತಾಯ್ತು ನಿಮಗೆ?"

"ಮುಚ್ಚಳ ಒತ್ತಿ ನಾ ಸುಮ್ಮ ಕುಂದ್ರಂಗಿಲ್ರಿ. ಒಳಗೊಳಗ ಬೀಸೋ ಹಾಡ ಹೇಳ್ಕೋತೀನಿ, ನಮ್ಮವ್ವ ಬೀಸಾಗ ಹೇಳತಿದ್ಲು. ಹಬ್ಬಕ್ಕ ಮೊದಲ ಮೂರ ನುಡಿ ಮುಗದ್ರ ದೀಪ ಹತ್ತತಿತ್ತು. ಈಗ ನಾಕ ನುಡಿ ಮುಗಸಿ ಉಸರ ತಗೊಂಡ್ರೂ ಹತ್ತವಲ್ದು."

ಭವ್ಯಶ್ರೀ ನಕ್ಕಳು. ಆ ನಗು ಆಮೇಲೆ ಅವಳಿಗೆ ಬಹಳ ದಿನ ಕಚ್ಚಿತು. "ನೀವು ಹಾಡನ್ನೇ ಬೇಗ ಬೇಗ ಹೇಳ್ತಾ ಇದ್ದೀರೋ ಏನೋ ಮಾರಾಯ್ರೆ. ಯಂತ್ರದ ಹೊತ್ತು ಹದಿನೆಂಟೇ ಉಂಟು. ನಾನು ದಿನಾ ನೋಡ್ತೇನಲ್ಲ."

"ಬೀಸೋ ಹಾಡ ಬೇಗ ಹೇಳಾಕ ಬರಂಗಿಲ್ರಿ. ಕಲ್ಲ ತಿರಗಿದಂಗ ಹಾಡ ತಿರಗತದ." ಶರಣಮ್ಮ ತನ್ನ ಬೆರಳುಗಳನ್ನು ಬೇರೆಯವರ ಬೆರಳುಗಳೆಂಬಂತೆ ನೋಡಿಕೊಂಡಳು. "ಇರವಲ್ದ್ಯಾಕ, ನನ್ನ ಕೈನೇ ಇರಬೇಕ್ರಿ. ಮುಂಜಾನಿ ನನ್ನ ಮಾತ ಕೇಳಂಗಿಲ್ಲ ಇವು."

ಆ ಮಾತು ಭವ್ಯಶ್ರೀಯ ಜೊತೆ ಬಸ್ಸು ಹತ್ತಿ ಕಾತ್ರಜಕ್ಕೂ ಬಂತು. ಶೀಟು ಹದಿನೆಂಟು ಎನ್ನುತ್ತಿತ್ತು, ಬೀಸುಕಲ್ಲು ಒಂದು ನುಡಿ ಹೆಚ್ಚು ಎನ್ನುತ್ತಿತ್ತು. ಅಜ್ಜಿಯ ಮೊಮ್ಮಗಳಾಗಿ ಅವಳಿಗೆ ಎರಡನೆಯದನ್ನು ಪೂರ್ತಿ ತಳ್ಳಿಹಾಕಲು ಆಗಲಿಲ್ಲ.

ಶುಕ್ರವಾರ ಊಟದ ನಂತರ ಅವಳು ಶರಣಮ್ಮನ ಬೆನ್ನ ಹಿಂದೆ ಹೋಗಿ ನಿಂತಳು. ಐದು ತಿಂಗಳಲ್ಲಿ ಅಲ್ಲಿ ಹಾಗೆ ನಿಂತದ್ದು ಅದೇ ಮೊದಲು. ಮೊಬೈಲಿನಲ್ಲಿ ಸೆಕೆಂಡು ಎಣಿಸಿದಳು. ದೀಪ ಹತ್ತಿದ್ದರಿಂದ ಮುಂದಿನ ಮುಚ್ಚಳ ಒತ್ತುವವರೆಗೆ ಹತ್ತು ಸೆಕೆಂಡು. ಮತ್ತೊಮ್ಮೆ ಹತ್ತು. ಮತ್ತೂ ಒಮ್ಮೆ ಹತ್ತು. ನೋಯುವ ಬೆರಳುಗಳಿಂದಲೇ ಶರಣಮ್ಮ ಗಡಿಯಾರದಂತೆ ಕೆಲಸ ಮಾಡುತ್ತಿದ್ದಳು. ಮುಚ್ಚಳ ಬಿದ್ದು ಹದಿನೆಂಟು ಸೆಕೆಂಡಿಗೆ ಅಳತೆ ಮುಗಿಯಿತು. ದೀಪ ಹತ್ತಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚಕ್ರ ತಿರುಗುತ್ತಲೇ ಇತ್ತು. ಯಂತ್ರದೊಳಗಿನ ಅಳತೆಯ ಕಾರ್ಡುಗಳು ತಾವು ಅಳೆದದ್ದನ್ನೆಲ್ಲ ಕಂಪ್ಯೂಟರಿಗೆ ಸುರಿಯುವ ಹೊತ್ತು ಅದು. ಇಪ್ಪತ್ನಾಲ್ಕು ಸೆಕೆಂಡು. ಶೀಟಿನಲ್ಲಿ ಆ ಚಕ್ರಕ್ಕೆ ಮನೆಯೇ ಇರಲಿಲ್ಲ. ಮನೆಯಿಲ್ಲದ್ದು ಶರಣಮ್ಮನ ಕೈಯೊಳಗೆ ಬಂದು ಬಿಡಾರ ಹೂಡಿತ್ತು.

ಭವ್ಯಶ್ರೀ ಓಡಿಹೋಗಿ ಕಂಪ್ಯೂಟರಿನಲ್ಲಿ ಕಾರ್ಡುಗಳ ಪಟ್ಟಿ ತೆರೆದಳು. ಮೊದಲ ಸಾಲಿನ ಐದೂ ಕಾರ್ಡುಗಳ ಮುಂದೆ ವೇಗ ಅರವತ್ತಾರು ಎಂದಿರಬೇಕಿತ್ತು. ಐದರ ಮುಂದೆಯೂ ಮೂವತ್ತಮೂರು ಎಂದಿತ್ತು. ಯಂತ್ರದ ಪೆಟ್ಟಿಗೆಯ ಬಾಗಿಲು ತೆಗೆದಳು. ಎರಡನೇ ಮನೆಯಲ್ಲಿ, ಅಂದರೆ ಮೊದಲ ಮನೆಯಲ್ಲಿ ಕೂರುವ ಯಂತ್ರದ ಕಂಪ್ಯೂಟರಿನ ಪಕ್ಕದಲ್ಲೇ, ಮೂಲೆ ಸೊಟ್ಟಗಾದ ಮುಖ ಹೊತ್ತು ಅಜ್ಜಿ ಕಾರ್ಡು ಕುಳಿತಿತ್ತು. ಅದರ ನೆತ್ತಿಯ ತಿರುಪಿನ ಮೇಲೆ ಚೂರು ಕುಂಕುಮ.

ಅವಳು ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

ಆ ಪೆಟ್ಟಿಗೆಯಲ್ಲಿ ಕಾರ್ಡುಗಳು ಕಪಾಟಿನ ಪುಸ್ತಕಗಳಂತೆ ಒತ್ತಾಗಿ ನಿಂತಿರುತ್ತವೆ. ಒಂದು ವೋಲ್ಟೇಜು ಅಳೆದರೆ ಇನ್ನೊಂದು ಸಂಕೇತ ಕಳಿಸುತ್ತದೆ. ಬೆನ್ನ ಹಿಂದಿನ ಹಲಗೆಯಲ್ಲಿ ಅವಕ್ಕೆಲ್ಲ ತಾಳ ಹಾಕುವ ಗಡಿಯಾರ. ಒಳಗೆ ಎರಡು ಓಣಿ, ನಡುವೆ ಒಂದು ಸೇತುವೆ. ಮೊದಲ ಓಣಿ ಓಡುವವರದು, ಅರವತ್ತಾರರ ತಾಳ. ಎರಡನೆಯದು ನಡೆಯುವವರದು, ಮೂವತ್ತಮೂರರ ತಾಳ. ಅಜ್ಜಿ ಕಾರ್ಡು ಎಂದು ಎಲ್ಲರೂ ಕರೆಯುವ ಆ ಹಳೆಯ ಸ್ವಿಚ್ ಕಾರ್ಡು ಇಪ್ಪತ್ತು ವರ್ಷದ್ದು, ಬರೀ ಮೂವತ್ತಮೂರು ಬಲ್ಲದ್ದು. ಸೇತುವೆಯಾಚೆಯ ಕೊನೆಯ ಮನೆ ಅದರದು. ಅಂಥದ್ದೊಂದು ಮೊದಲ ಓಣಿಗೆ ಬಂದು ಕುಳಿತರೆ ಆ ಓಣಿಯ ಗಡಿಯಾರ ಒಂದು ಮಾತೂ ಆಡದೆ ತನ್ನ ತಾಳವನ್ನು ಅದರ ನಡಿಗೆಗೆ ಇಳಿಸಿಬಿಡುತ್ತದೆ. ಕೆಂಪು ದೀಪವಿಲ್ಲ, ದೂರಿಲ್ಲ. ಅಳತೆ ತಪ್ಪುವುದಿಲ್ಲ, ಪಾಸಾಗುವ ಬೋರ್ಡು ಪಾಸಾಗುತ್ತದೆ. ಎಲ್ಲರೂ ನಿಧಾನವಾಗುತ್ತಾರೆ, ಅಷ್ಟೇ. ಕಾರ್ಡುಗಳ ಬುಡ ಎಲ್ಲದರದೂ ಒಂದೇ ಅಳತೆ, ಯಾವ ಮನೆಗೆ ತುರುಕಿದರೂ ಕೂರುತ್ತವೆ. ಕಂಪ್ಯೂಟರು ಕಾರ್ಡನ್ನು ಹುಡುಕುವುದು ಹೆಸರಿನಿಂದ, ಮನೆ ನಂಬರಿನಿಂದಲ್ಲ.

ಕೂರಿಸಿದವರು ಯಾರು? ಅವಳೇ.

ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ. ಶೆಡ್ಡಿನ ತುಂಬ ಚೆಂಡು ಹೂವಿನ ಮಾಲೆ, ಪೇಢೆಯ ಡಬ್ಬಿ. ಬೇರೆಯವರು ಯಂತ್ರಕ್ಕೆ ಹೂವು ಸಿಕ್ಕಿಸಿ ಕೈ ಮುಗಿಯುತ್ತಿದ್ದರೆ ಭವ್ಯಶ್ರೀಗೆ ಅಷ್ಟು ಸಾಲಲಿಲ್ಲ. ಆಯುಧಗಳಿಗೂ ವರ್ಷಕ್ಕೊಂದು ದಿನ ಮೈಕೈ ಒರೆಸಿ, ಕೂರಿಸಿ, ವಿಶ್ರಾಂತಿ ಕೊಡಬೇಕು ಮಗಾ, ಎನ್ನುತ್ತಿದ್ದಳು ಅಜ್ಜಿ. ಭವ್ಯಶ್ರೀ ಕಾರ್ಡುಗಳನ್ನೆಲ್ಲ ಹೊರಗೆ ತೆಗೆದು, ಬ್ರಶ್ಶಿನಿಂದ ಧೂಳು ಹೊಡೆದು, ಕೆಂಪು ಬಟ್ಟೆಯ ಮೇಲೆ ಸಾಲಾಗಿ ಕೂರಿಸಿದ್ದಳು. ಹಿರಿಯರಿಗೆ ಮೊದಲ ಮಣೆ: ಅಜ್ಜಿ ಕಾರ್ಡು ಎಲ್ಲಕ್ಕೂ ಮುಂದೆ. "ಕನೆಕ್ಟರ್‌ಗೆ ಕುಂಕುಮ ಹಾಕ್ಬೇಡ್ರಪ್ಪಾ!" ಎಂದು ಅಭಿಲಾಷ ದೂರದಿಂದ ಕೂಗಿ, ಪೇಢೆ ಬಾಯಿಗೆ ಹಾಕಿಕೊಂಡು, ಫೋಟೋ ಹೊಡೆದಿದ್ದ. ಸಂಜೆ ಅವಳು ಕಾರ್ಡುಗಳನ್ನು ಪೂಜೆಗೆ ಕೂತ ಕ್ರಮದಲ್ಲೇ ಒಳಗೆ ಸರಿಸಿದ್ದಳು. ಬಾಗಿಲ ಒಳಗೆ ಅಂಟಿಸಿದ್ದ ನಕ್ಷೆ ನೋಡಿರಲಿಲ್ಲ. ಕಾರ್ಡು ಅಲುಗಿಸಿದರೆ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮ ನೆನಪಾಗಿತ್ತು; ಪೂಜೆಗೆಲ್ಲ ಏನು ಬರೆಯುವುದು ಎಂದು ಬಿಟ್ಟಿದ್ದಳು.

ಅಜ್ಜಿಯದೊಂದು ಕತೆಯಿತ್ತು. ಕಾಡಿನ ದಾರಿಯಲ್ಲಿ ಹೊರಟ ಮದುವೆಯ ದಿಬ್ಬಣ ಗುಂಪಿನ ಎಲ್ಲರಿಗಿಂತ ಮುದುಕಿಯಾದವಳನ್ನು ಮುಂದೆ ಬಿಟ್ಟು, ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯಿತಂತೆ. ಯಾರೂ ಹಿಂದುಳಿಯದ್ದರಿಂದ ಹುಲಿಗೆ ಯಾರೂ ಸಿಗಲಿಲ್ಲವಂತೆ. ಎಷ್ಟು ಚಂದದ ಕತೆ! ದಿಬ್ಬಣ ತಡವಾದದ್ದಕ್ಕೆ ಹಿಂದೆ ಪಲ್ಲಕ್ಕಿ ಹೊತ್ತವರಲ್ಲಿ ಯಾರನ್ನಾದರೂ ಮನೆಗೆ ಕಳಿಸಿದರೋ ಎಂಬುದು ಮಾತ್ರ ಆ ಕತೆಯಲ್ಲಿ ಇರಲಿಲ್ಲ.

ಗಾಜಿನ ಕೋಣೆ ಹತ್ತು ಹೆಜ್ಜೆ ದೂರವಿತ್ತು. ಅಭಿಲಾಷ ಒಳಗೇ ಇದ್ದ. ಹೋಗಿ ಹೇಳಿದ್ದರೆ ಶುಕ್ರವಾರ ಮೂರು ಗಂಟೆಗೆ ಎಲ್ಲ ಮುಗಿಯುತ್ತಿತ್ತು. ಆದರೆ ಕಾರ್ಡು ಬದಲಿಸಲು ಯಂತ್ರ ಆರಿಸಬೇಕು, ಸಾಲು ನಿಲ್ಲಿಸಬೇಕು, ಯಾಕೆಂದು ಬರೆಯಬೇಕು. ಯಾಕೆಂದು ಬರೆಯುವಾಗ ಯಾರೆಂದೂ ಬರೆಯಬೇಕು. ಮೂವತ್ತನೇ ತಾರೀಖಿಗೆ ಫೈಲು ಮೇಲೆ ಹೋಗುವುದಿತ್ತು. ಅವಳ ಮನಸ್ಸು ಒಂದು ಸಲೀಸಾದ ಕತೆ ಕಟ್ಟಿತು. ಶನಿವಾರ ಸಂಜೆ ಹೇಗೂ ಯಂತ್ರ ಆರಿಸುತ್ತಾರೆ. ಆಗ ಸದ್ದಿಲ್ಲದೆ ಅಜ್ಜಿ ಕಾರ್ಡನ್ನು ಅದರ ಮನೆಗೆ ಕಳಿಸಿದರಾಯಿತು. ಸೋಮವಾರ ಶರಣಮ್ಮ ಬಂದು ಕೂತ ಕೂಡಲೇ ಆರುನೂರು ದಾಟುತ್ತದೆ. ಲೆಕ್ಕವೇ ಅವಳ ಪರವಾಗಿ ಮಾತಾಡುತ್ತದೆ. ಯಾರಿಗೂ ಏನೂ ಆಗುವುದಿಲ್ಲ.

ಹೊರಡುವಾಗ ಶರಣಮ್ಮನಿಗೆ, "ಸೋಮವಾರ ಎಲ್ಲ ಸರಿ ಹೋಗ್ತದೆ, ನೋಡಿ ಬೇಕಾದ್ರೆ," ಎಂದಳು.

"ಸೋಮವಾರಕ್ಕ ನಾ ಇರಬೇಕಲ್ರಿ ಅಕ್ಕೋರೆ," ಎಂದು ನಕ್ಕಳು ಶರಣಮ್ಮ. ಅದನ್ನು ಜೋಕೆಂದು ತಿಳಿಯುವುದು ಭವ್ಯಶ್ರೀಗೆ ಅನುಕೂಲವಾಗಿತ್ತು.

ಆ ಸಂಜೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದ ಅಜ್ಜಿಯ ಹತ್ತಿರ ಎಲ್ಲವನ್ನೂ ಹೇಳಿಕೊಂಡಳು. ಅಜ್ಜಿ ಕೈ ನಿಲ್ಲಿಸದೆ ಕೇಳಿದಳು.

"ಮತ್ತೆಂತಕ್ಕೆ ಇಲ್ಲಿ ಕೂತದ್ದು? ಹೇಳಿ ಬರ್ಲಿಕ್ಕೆ ಆಗ್ಲಿಲ್ವಾ?"

"ಸೋಮವಾರ ತನ್ನಿಂತಾನೇ ಗೊತ್ತಾಗ್ತದೆ ಅಜ್ಜಿ. ನಿನ್ನ ಕತೆಯಲ್ಲಿ ಕೊನೆಗೆ ಗಿಳಿ ಬಂದು ರಾಜನ ಸಭೆಯಲ್ಲಿ ನಿಜ ಹೇಳೂದಿಲ್ವಾ, ಹಾಗೆ."

"ಅದು ಕತೆ ಮಗಾ. ನಿಮ್ಮ ಕಂಪೆನಿಯಲ್ಲಿ ಗಿಳಿ ಉಂಟಾ?"

ಭವ್ಯಶ್ರೀ ಒಂದು ಬೀನ್ಸು ಎತ್ತಿಕೊಂಡು ತಾನೂ ನಾರು ತೆಗೆಯತೊಡಗಿದಳು.

ಶನಿವಾರ ಅರ್ಧ ದಿನ ಕಳೆಯುವಷ್ಟರಲ್ಲಿ ಕಾಂಟ್ರಾಕ್ಟರನ ಮೇಸ್ತ್ರಿ, ಅಂದರೆ ಮುಕಾದಮ ಬಂದ. ಗಾಜಿನ ಕೋಣೆಯಲ್ಲಿ ಅಭಿಲಾಷನ ಲ್ಯಾಪ್‌ಟಾಪಿನಲ್ಲಿ ಏನೋ ತೋರಿಸುತ್ತಿದ್ದ ಭವ್ಯಶ್ರೀ ತಲೆಯೆತ್ತಿ ನೋಡಿದಾಗ, ಅವನು ಶರಣಮ್ಮನ ಬಲಗೈಯನ್ನು ಮಣಿಕಟ್ಟು ಹಿಡಿದು ಮೇಲೆತ್ತಿ ಸಾಲಿನವರಿಗೆ ಏನೋ ಹೇಳುತ್ತಿದ್ದ. ನಾಲ್ಕೈದು ಜನ ನಕ್ಕರು. ಗಾಜಿನಾಚೆಯ ಮಾತು ಕೇಳಿಸಲಿಲ್ಲ. ಏನೋ ತಮಾಷೆಯಿರಬೇಕು ಎಂದು ಅವಳು ಮತ್ತೆ ಪರದೆಗೆ ಬಗ್ಗಿದಳು.

ಐದು ಗಂಟೆಗೆ ಶೆಡ್ಡು ಖಾಲಿಯಾಯಿತು. ಯಂತ್ರ ಆರಿಸಿ, ಮಣಿಕಟ್ಟಿಗೆ ಅರ್ತಿಂಗಿನ ತಂತಿ ಕಟ್ಟಿಕೊಂಡು, ಅಜ್ಜಿ ಕಾರ್ಡಿನ ತಿರುಪು ಬಿಚ್ಚಿ, ಸೇತುವೆಯಾಚೆಯ ಕೊನೆಯ ಮನೆಗೆ ಸರಿಸಿ, ಉಳಿದವನ್ನೂ ಬಾಗಿಲ ನಕ್ಷೆಯಂತೆ ಕೂರಿಸಿದಳು. ಮತ್ತೆ ಚಾಲೂ ಮಾಡಿದಾಗ ಓಣಿಯ ಉದ್ದಕ್ಕೂ ಅರವತ್ತಾರು, ಅರವತ್ತಾರು. ಕಾಲು ಗಂಟೆಯ ಕೆಲಸ. ಒಂದು ಬೋರ್ಡು ಇಟ್ಟು ನೋಡಿದಳು. ಚಕ್ರ ಹನ್ನೆರಡು ಸೆಕೆಂಡು ತಿರುಗಿ ನಿಂತಿತು. ಖುಷಿಗೆ ಅವಳು ಶರಣಮ್ಮನ ಸ್ಟೂಲಿನ ಮೇಲೆಯೇ ಕುಕ್ಕರಿಸಿದಳು. ಸ್ಟೂಲು ತಣ್ಣಗಿತ್ತು. ಕೌದಿಯ ತುಂಡು ಇರಲಿಲ್ಲ. ದೀಪಾವಳಿ ಬಂತಲ್ಲ, ಒಗೆಯಲು ಒಯ್ದಿರಬೇಕು ಎಂದುಕೊಂಡಳು.

ಸೋಮವಾರ ಆ ಸ್ಟೂಲಿನ ಮೇಲೆ ಬೇರೆ ಹುಡುಗಿಯಿದ್ದಳು.

ಇಪ್ಪತ್ತರ ಪ್ರಾಯ, ಉಗುರಿಗೆ ನೀಲಿ ಬಣ್ಣ, ಹೆಸರು ಇಂದೂ. ಮುಚ್ಚಳ ಒತ್ತಿ, ಕಾಲು ಕುಣಿಸುತ್ತ, ದೀಪ ಹತ್ತಿದ ಕೂಡಲೇ ಬೋರ್ಡು ಎತ್ತುತ್ತಿದ್ದಳು. ಮೊದಲ ದಿನದ ಕೈ. ಆದರೂ ಸಂಜೆಯ ಲೆಕ್ಕ ಆರುನೂರ ಇಪ್ಪತ್ತೆಂಟು.

ಅಭಿಲಾಷ ಗ್ರಾಫನ್ನು ದೊಡ್ಡ ಪರದೆಗೇ ಹಾಕಿದ್ದ. ಎರಡು ವಾರ ನೆಲ ಹಿಡಿದಿದ್ದ ಗೆರೆ ಒಂದೇ ದಿನಕ್ಕೆ ಎದ್ದು ನಿಂತಿತ್ತು. "ನೋಡಿದ್ರಾ? ನಂಗೂ ಒಳಗೊಳಗೇ ಬೇಜಾರಿತ್ತು, ಸುಮ್ನೆ ಆಯಮ್ಮನ್ನ ತೆಗೆದ್ವೇನೋ ಅಂತ. ಈಗ ಪ್ರೂಫ್ ಸಿಕ್ತು. ಬಿಡಿ, ನಿದ್ದೆ ಬರತ್ತೆ ಇವತ್ತು."

ಭವ್ಯಶ್ರೀ ಪರದೆಯ ಗೆರೆ ನೋಡಿದಳು. ತಾನು ಕಟ್ಟಿದ ಕತೆಯೇ ತನ್ನೆದುರು ತಲೆಕೆಳಗಾಗಿ ನಿಂತಿತ್ತು. ಶರಣಮ್ಮನನ್ನು ಉಳಿಸಲೆಂದು ಅವಳು ಸದ್ದಿಲ್ಲದೆ ಮಾಡಿದ ರಿಪೇರಿ ಈಗ ಶರಣಮ್ಮನ ಕೈ ನಿಧಾನವಿತ್ತೆಂಬುದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ.

"ಸರ್, ಅದು ಕೈಯದಲ್ಲ," ಎಂದಳು. ಒಂದೇ ಉಸಿರಿನಲ್ಲಿ ಪೂಜೆ, ಕಾರ್ಡು, ಮೂವತ್ತಮೂರು, ಶನಿವಾರ ಸಂಜೆ ಎಲ್ಲ ಹೇಳಿದಳು.

ಅಭಿಲಾಷ ಎದ್ದು ಬಾಗಿಲು ಹಾಕಿದ. ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಶನಿವಾರ ಬದಲಾಯಿಸಿದ್ದು ಪುಸ್ತಕದಲ್ಲಿ ಬರೆದಿದ್ದೀರಾ?"

"ಇಲ್ಲ."

"ಪೂಜೆ ದಿನ ತೆಗೆದಿದ್ದು?"

"ಇಲ್ಲ ಸರ್."

"ಅಂದ್ರೆ ಎರಡು ಸಲ ಕೇಳ್ದೆ ಮಾಡ್ದೆ ಯಂತ್ರ ಬಿಚ್ಚಿದೀರಿ. ಫೋಟೋದಲ್ಲಿ ನಾನೂ ಹಲ್ಲು ಕಿರಿದುಕೊಂಡು ನಿಂತಿದೀನಿ." ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತಿತ್ತು. "ನೋಡಿ, ಬೋರ್ಡುಗಳೆಲ್ಲ ಸರಿಯಾಗೇ ಪಾಸಾಗಿವೆ. ಕೌಂಟು ಬಂದಿದೆ. ಆಯಮ್ಮನ್ನ ಕಾಂಟ್ರಾಕ್ಟರ್ ಇನ್ನೆಲ್ಲೋ ಹಾಕ್ತಾನೆ. ನಿಮ್ಮ ಫೈಲು ಇನ್ನೂ ನನ್ನ ಟೇಬಲ್ ಮೇಲೇ ಇದೆ. ಯೋಚ್ನೆ ಮಾಡಿ."

ಯೋಚನೆ ಮಾಡಲು ಅವಳು ಮನೆಗೆ ಹೋಗಲಿಲ್ಲ. ಶೆಡ್ಡಿನಿಂದ ಹತ್ತು ನಿಮಿಷದ ದಾರಿಯಲ್ಲಿ ಇಪ್ಪತ್ತೆರಡು ಮಹಡಿಯ ಕಟ್ಟಡ ಏಳುತ್ತಿತ್ತು. ಅದರ ಬುಡದಲ್ಲಿ ಕೂಲಿಯವರ ತಗಡಿನ ಖೋಲಿಗಳು. ಒಂದೆರಡು ಬಾಗಿಲಿಗೆ ಆಗಲೇ ಆಕಾಶಕಂದೀಲು ತೂಗುತ್ತಿದ್ದವು. ಶರಣಮ್ಮನ ಗಂಡ ಹಣಮಂತ್ರಾಯ ಇನ್ನೂ ಮೇಲೆ ಸ್ಲ್ಯಾಬಿನ ಕೆಲಸದಲ್ಲಿದ್ದ. ಶರಣಮ್ಮ ಹೊಸ್ತಿಲಲ್ಲಿ ಕೂತು ಎರಡೂ ಕೈಗಳನ್ನು ಒಂದು ಬೋಗುಣಿಯಲ್ಲಿ ಮುಳುಗಿಸಿಕೊಂಡಿದ್ದಳು.

"ಬರ್ರಿ ಅಕ್ಕೋರೆ, ಒಳಗ ಬರ್ರಿ. ನೀವ್ಯಾಕ ಇಷ್ಟ ದೂರ ಬರಾಕ ಹೋದ್ರಿ?" ಎಂದವಳು ಕೈ ಹೊರಗೆ ತೆಗೆಯಲಿಲ್ಲ. "ಬಿಸಿನೀರಾಗ ಉಪ್ಪ ಹಾಕಿ ಕೈ ಇಟ್ಟರ ಸಡ್ಲಾಗ್ತಾವಂತ್ರಿ. ಹದಿನೈದ ದಿನ ಬಿಟ್ಟ ಮತ್ತ ಮುಕಾದಮನ್ನ ಕೇಳ್ತೀನಿ. ಇನ್ನೊಮ್ಮಿ ಕೈ ನೋಡ್ರಿ ಅಂತೀನಿ."

ಭವ್ಯಶ್ರೀ ನಿಂತುಕೊಂಡೇ ಹೇಳಿದಳು. ಶರಣಮ್ಮನಿಗೆ ಓಣಿ, ಸೇತುವೆ, ತಾಳ ಎಲ್ಲ ಕೂಡಲೇ ತಿಳಿಯಿತು. ಎರಡು ಸಲ ಹೇಳಬೇಕಾಗಲಿಲ್ಲ.

"ಹಂಗಂದ್ರ ನಾಕ ನುಡಿ ಖರೇನ ಇತ್ತು."

"ಹೌದು."

"ನಿಮಗ ಯಾವಾಗ ತಿಳೀತ್ರಿ?"

ಇದನ್ನು ಕೇಳುತ್ತಾಳೆಂದು ಭವ್ಯಶ್ರೀ ಎಣಿಸಿರಲಿಲ್ಲ. "ಶುಕ್ರವಾರ ಮಧ್ಯಾಹ್ನ."

"ಶುಕ್ರವಾರ." ಶರಣಮ್ಮ ಕೈಗಳನ್ನು ನೀರಿನಿಂದ ತೆಗೆದಳು. ಬೆರಳ ತುದಿಗಳು ನೆನೆದು ಬೆಳ್ಳಗೆ ಮುದುರಿದ್ದವು. ಅವಳು ಮತ್ತೆ ಮಾತಾಡಿದಾಗ ದನಿಯಲ್ಲಿ 'ರೀ' ಇರಲಿಲ್ಲ, ಅಕ್ಕೋರೂ ಇರಲಿಲ್ಲ. "ಶನಿವಾರ ಆಂವ ನನ್ನ ಕೈ ಎತ್ತಿ ಹಿಡದು, 'ಹಿಚೀ ಬೋಟಂ ಬಘಾ, ಮ್ಹಾತಾರೀ ಝಾಲೀ' ಅಂದ. ಬೆರಳ ನೋಡ್ರಿ, ಮುದುಕಿ ಆಗ್ಯಾಳ ಅಂತ. ಎಲ್ಲಾರೂ ನಕ್ಕರು. ನೀ ಗಾಜಿನ ಖೋಲ್ಯಾಗ ಕುಂತಿದ್ದಿ. ನನ್ನ ನೋಡಿದಿ."

"ನನಗೆ ಕೇಳಿಸ್ಲಿಲ್ಲ ಶರಣಮ್ಮ."

"ಕಾಣಸ್ತಲ್ಲ?" ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ ಅಂತಾರಲ್ಲ, ಹಂಗ ಆತು. ಜ್ವರ ನಿಮ್ಮ ಮಷೀನಿಗೆ, ಬರೆ ನನಗ. ಎರಡ ದಿನ ಆತು, ಈ ಕೈಗೆ ನಾ ಬೈದಿದ್ದ ಬೈದಿದ್ದು. ಇರ್ಲಿ. ಬರದ ಕೊಡು."

"ಏನು?"

"ಈಗ ಬಾಯಿಲೆ ಹೇಳಿದ್ಯಲ್ಲ, ಅದನ್ನ. ಕನ್ನಡದಾಗ ಬರಿ. ಏಳನೇತ್ತ ತನಕ ಓದೀನಿ, ನನಗ ಬರತದ."

ಭವ್ಯಶ್ರೀ ಬ್ಯಾಗಿನಿಂದ ನೋಟುಬುಕ್ಕು ತೆಗೆದು, ಮಂಡಿಯ ಮೇಲಿಟ್ಟುಕೊಂಡು ಬರೆದಳು. ಶರಣಮ್ಮ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಬೆರಳಿಟ್ಟು, ಪದ ಪದವಾಗಿ ಓದಿದಳು. ಯಂತ್ರದ ಒಂದು ಕಾರ್ಡು ಬೇರೆ ಜಾಗದಲ್ಲಿ ಇದ್ದುದರಿಂದ ಕೆಲಸ ನಿಧಾನವಾಗಿತ್ತು. ಶರಣಮ್ಮನ ಕೈ ಮೊದಲಿನಷ್ಟೇ ವೇಗವಾಗಿತ್ತು. ಕೊನೆಯವರೆಗೂ ಓದಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ನಿನ್ನ ಹೆಸರ ಎಲ್ಲದ ಇದರಾಗ?"

ಭವ್ಯಶ್ರೀ ನೋಡಿದಳು. ಇರಲಿಲ್ಲ. ಬೇಕೆಂದು ಬಿಟ್ಟದ್ದೆಂದು ಆಣೆ ಮಾಡಿ ಹೇಳಲಾರಳು. ಮರೆತು ಬಿಟ್ಟದ್ದೆಂದೂ ಹೇಳಲಾರಳು. ಇನ್ನೊಂದು ಹಾಳೆ ಹರಿದು, ಖಂಡೇನವಮಿಯಿಂದ ಹಿಡಿದು ಶನಿವಾರದವರೆಗೆ, ನಾನು ಭವ್ಯಶ್ರೀ, ನಾನು ತೆಗೆದೆ, ನಾನು ಕೂರಿಸಿದೆ, ಶುಕ್ರವಾರ ತಿಳಿದೂ ಹೇಳಲಿಲ್ಲ ಎಂದು ಬರೆದು ಸಹಿ ಹಾಕಿದಳು.

ಶರಣಮ್ಮ ಅದನ್ನೂ ಬೆರಳಿಟ್ಟು ಓದಿದಳು. ಓದಿ, ಮಡಚಿ, ಮರಳಿ ಅವಳ ಕೈಗೇ ಇಟ್ಟಳು.

"ನನಗ್ಯಾಕ ಇದು? ನನ್ನ ಕೈ ನನಗ ಗೊತ್ತಾತು. ಗೊತ್ತಿಲ್ಲದವರಿಗೆ ಕೊಡ ಹೋಗು."

ಬೋಗುಣಿಯನ್ನೆತ್ತಿ ಉಪ್ಪುನೀರನ್ನು ಅಂಗಳಕ್ಕೆ ಚೆಲ್ಲಿದಳು. ಅದು ಹರಿದು ಬಂದು ಭವ್ಯಶ್ರೀಯ ಚಪ್ಪಲಿಯನ್ನು ಒದ್ದೆ ಮಾಡಿತು. ಶರಣಮ್ಮ ಒಳಗೆ ಹೋಗಿ ಸ್ಟೋವಿಗೆ ಗಾಳಿ ಹಾಕತೊಡಗಿದಳು. ಚಹಾ ಕುಡಿದು ಹೋಗು ಎನ್ನಲಿಲ್ಲ.

ಮಂಗಳವಾರ ಬೆಳಿಗ್ಗೆ ಆ ಹಾಳೆ ಅಭಿಲಾಷನ ಮೇಜಿನ ಮೇಲೆ ಬಿತ್ತು. ಅವನು ಓದಿ, ಬೆರಳ ತುದಿಯಿಂದ ಮೆಲ್ಲಗೆ ವಾಪಸು ಸರಿಸಿದ. "ಇದು ಕನ್ನಡದಲ್ಲಿದೆ ಭವ್ಯಶ್ರೀ. ಕ್ವಾಲಿಟಿಯಲ್ಲಿರೋರೆಲ್ಲ ಮರಾಠಿಯವ್ರು. ಯಾರು ಓದ್ತಾರೆ? ಮನೇಲಿ ಇಟ್ಕೊಳ್ಳಿ." ಅವನ ಕಣ್ಣಲ್ಲಿ ಕುಹಕವಿರಲಿಲ್ಲ. ಅವನು ಬಾಗಿಲೊಂದನ್ನು ತೆರೆದಿಟ್ಟು ಕಾಯುತ್ತಿದ್ದ, ಅಷ್ಟೇ. ತಾನು ಬರೆದಾಗಿದೆ, ಓದಲು ಬಾರದ್ದು ಅವರ ಕರ್ಮ ಎಂದುಕೊಂಡು ಹೊರಡಬಹುದಾಗಿತ್ತು. ಅವಳು ಊಟದ ಹೊತ್ತಿನವರೆಗೂ ಆ ಬಾಗಿಲಲ್ಲೇ ನಿಂತಿದ್ದಳು ಎನ್ನಬೇಕು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಮೂರನೇ ಸಲ ಬರೆದಳು, ಇಂಗ್ಲಿಷಿನಲ್ಲಿ. ಮೊದಲ ಸಾಲಿನಲ್ಲೇ ತನ್ನ ಹೆಸರು. ಜೊತೆಗೆ ತಿದ್ದಿದ ಶೀಟು: ಆ ಚಕ್ರ ತಿರುಗುವ ಹೊತ್ತು ಯಂತ್ರದ ಪಾಲಿಗೆ, ಕೈಯ ಪಾಲಿಗೆ ಕೈಯ ಹೊತ್ತು ಮಾತ್ರ. ಹಬ್ಬದ ನಂತರದ ಶರಣಮ್ಮ: ಹತ್ತು ಸೆಕೆಂಡು. ಇಂದೂ: ಹತ್ತು ಸೆಕೆಂಡು. ಕ್ವಾಲಿಟಿ ವಿಭಾಗಕ್ಕೆ ಕಳಿಸಿದಳು.

ಗಿಳಿ ಮಾತಾಡಿತು. ಸಭೆಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ.

ದೀಪಾವಳಿ ಕಳೆದು ಉತ್ತರ ಬಂತು. ಪೆಟ್ಟಿಗೆಯ ಬಾಗಿಲಿಗೆ ಬೀಗ ಹಾಕಬೇಕು. ಮುಂದಿನ ಖಂಡೇನವಮಿಗೆ ಹೊರಗಿನಿಂದ ಹೂವು ಮಾತ್ರ. ಭವ್ಯಶ್ರೀ ಕಾಯಂ ಆಗುವುದು ಇನ್ನಾರು ತಿಂಗಳು ಮುಂದಕ್ಕೆ. ಶರಣಮ್ಮನ ವಿಷಯ ಕಾಂಟ್ರಾಕ್ಟರಿಗೆ ಸಂಬಂಧಿಸಿದ್ದು. ಸದ್ಯ ಸಾಲಿನ ಲೆಕ್ಕ ಸರಿಯಿರುವುದರಿಂದ ಬದಲಾವಣೆಯ ಅಗತ್ಯ ಕಾಣುವುದಿಲ್ಲ. ತಿದ್ದಿದ ಶೀಟನ್ನು ಭವ್ಯಶ್ರೀ ಮರಾಠಿಯಲ್ಲೂ ಬರೆದು ಮುಕಾದಮನ ಕೈಗೆ ಕೊಟ್ಟಳು. ಅವನು ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟ. ಮರುದಿನ ಅದರ ಮೇಲೆ ವಡಾಪಾವ್ ಇಟ್ಟುಕೊಂಡು ತಿನ್ನುತ್ತಿದ್ದ. ಖೋಲಿಗೆ ಮತ್ತೊಮ್ಮೆ ಹೋದಾಗ ಬಾಗಿಲಿಗೆ ಬೇರೆಯವರ ಬೀಗವಿತ್ತು. ಸ್ಲ್ಯಾಬು ಮುಗಿಯಿತು, ಆ ಗುಂಪು ಬೇರೆ ಸೈಟಿಗೆ ಹೋಯಿತು, ಎಲ್ಲಿಗೋ ಗೊತ್ತಿಲ್ಲ ಎಂದರು ಪಕ್ಕದವರು.

ಈಗ ಭವ್ಯಶ್ರೀ ದಿನಕ್ಕೊಮ್ಮೆಯಾದರೂ ಯಂತ್ರದ ಹಿಂದೆ ಹೋಗಿ ನಿಲ್ಲುತ್ತಾಳೆ. ಇಂದೂ ಮುಚ್ಚಳ ಒತ್ತಿ, ಕಾಲು ಕುಣಿಸುತ್ತ, ಮೇಲಿನ ಫ್ಯಾನು ನೋಡುತ್ತ ಕೂರುತ್ತಾಳೆ. ಭವ್ಯಶ್ರೀಗೆ ಆ ಹಾಡು ಬರುವುದಿಲ್ಲ. ಕೇಳಿ ಕಲಿಯಬಹುದಾಗಿದ್ದಾಗ ಅವಳು ನಕ್ಕಿದ್ದಳು. ಮೊಬೈಲು ಹಿಡಿದು ಸೆಕೆಂಡು ಎಣಿಸುತ್ತಾಳೆ. ಹತ್ತು, ಇಪ್ಪತ್ತು, ಮೂವತ್ತು. ಸರಿಯಾಗಿ ಮೂರನೇ ನುಡಿ ಮುಗಿಯಬೇಕಾದಲ್ಲಿ ಹಸಿರು ದೀಪ ಹತ್ತುತ್ತದೆ.